ಹಿಮ್ಮೇಳಕ್ಕೆ ಬಿಟ್ಟ ಜಾಗ

ಒಬ್ಬೊಬ್ಬರನ್ನೇ ಹಾಡಿಸಿ ರೆಕಾರ್ಡ್ ಮಾಡಿದರೆ ಒಂದೊಂದು ದನಿಯನ್ನು ಒಂದೊಂದು ದಿಕ್ಕಿನ ಸ್ಪೀಕರಿನಲ್ಲಿ ಕೂರಿಸಬಹುದು. ಕೇಳುವವರಿಗೆ ಭಜನೆಯ ನಡುವೆಯೇ ಕೂತಂತೆ ಅನಿಸುತ್ತದೆ. ಕಂಪ್ಲಿಯಿಂದ ಹೊಸಪೇಟೆಯ ನಮ್ಮ ಸ್ಟುಡಿಯೋಗೆ ಬಂದ ಭಜನಾ ತಂಡಕ್ಕೆ ಇದನ್ನು ಮೂರು ಸಲ ಹೇಳಿದೆ. ಮೂರು ಸಲವೂ ತಲೆಯಾಡಿಸಿದರು.

ಮುಖ್ಯ ಹಾಡುಗಾರ ವೀರಭದ್ರಪ್ಪನವರನ್ನು ಮೊದಲು ಒಳಗೆ ಕಳಿಸಿದೆ. ಒಂದು ಸಾಲು ಹಾಡಿ ನಿಲ್ಲಿಸಿಬಿಟ್ಟರು.

"ಯಾಕ್ರಿ ನಿಲ್ಸಿದ್ರಿ?"

"ಹಿಮ್ಮೇಳದವ್ರು ಹೇಳ್ಬೇಕಲ್ರಿ."

"ಅವ್ರದು ಆಮ್ಯಾಲೆ ತಗೋತೀನ್ರಿ. ನೀವು ಮುಂದಕ್ಕ ಹಾಡ್ರಿ."

"ಅವ್ರು ಹೇಳದ ನಾ ಹೆಂಗ ಮುಂದಕ್ಕ ಹೋಗ್ಲಿ?"

ಕೊನೆಗೆ ಸಾಲಿಗೊಮ್ಮೆ ನಿಂತು, ಇಲ್ಲದ ಹಿಮ್ಮೇಳಕ್ಕೆ ತಲೆದೂಗಿ, ಅಂತೂ ಪದ ಮುಗಿಸಿದರು. ಹಿಮ್ಮೇಳದ ಆರು ಮಂದಿಯಂತೂ, ಒಬ್ಬೊಬ್ಬರೇ ಹಾಡಿ ಎಂದರೆ ಬಾಯಿಯೇ ಬಿಡಲಿಲ್ಲ.

ಸಾಕಾಗಿ ಮೈಕ್ ಆಫ್ ಮಾಡಿ ಎಲ್ಲರಿಗೂ ಚಹಾ ತರಿಸಿದೆ. ಸುಮ್ಮನೆ ಕೇಳಲಿ ಎಂದು ವೀರಭದ್ರಪ್ಪನವರ ಪದವನ್ನು ಸ್ಪೀಕರಿನಲ್ಲಿ ಹಾಕಿದೆ. ಮೊದಲ ಸಾಲು ಮುಗಿದು ಆ ಖಾಲಿ ಜಾಗ ಬಂತು ನೋಡಿ, ಆರೂ ಮಂದಿ ಲೋಟ ಕೆಳಗಿಟ್ಟು ಒಟ್ಟಿಗೆ ದನಿಯೆತ್ತಿದರು! ಎಡಕ್ಕೆ, ಬಲಕ್ಕೆ, ನನ್ನ ಬೆನ್ನ ಹಿಂದೆ, ಎಲ್ಲ ಕಡೆ ಭಜನೆ. ನನಗೆ ಬೇಕಾಗಿದ್ದುದು ಅದೇ. ಬಾಯಿ ತೆರೆದುಕೊಂಡು ಕೇಳುತ್ತ ಕೂತೆ. ಅದೇ ಹುಮ್ಮಸ್ಸಿನಲ್ಲಿ ಮಂಗಳವನ್ನೂ ಹಾಡಿ ಮುಗಿಸಿದರು.

ಆಗ ಎಚ್ಚರವಾಗಿ, ಮೈಕ್ ಆನ್ ಮಾಡಿ ಕೈಮುಗಿದೆ. "ಇನ್ನೊಂದ್ಸಲ ಹಿಂಗ ಹಾಡ್ರಿ."

"ಮಂಗಳ ಹಾಡಿದ ಮ್ಯಾಲೆ ಮತ್ತ ಭಜನಿ ಹಾಡಂಗಿಲ್ರಿ," ಎಂದು ವೀರಭದ್ರಪ್ಪ ಎದ್ದೇಬಿಟ್ಟರು.

ಈಗ ನನ್ನ ಹತ್ತಿರ ಇರುವುದು ಒಂದು ಸಾಲು ಹಾಡು, ಒಂದು ಸಾಲು ಮೌನ. ಆ ಮೌನವನ್ನು ಯಾವ ದಿಕ್ಕಿನ ಸ್ಪೀಕರಿನಲ್ಲಿ ಕೂರಿಸಲಿ?