ಕಪನೂರಿನಲ್ಲಿ ನಿಂತುಹೋದ ಪ್ರವಾಸ

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಕಲಬುರಗಿಯ ಬಸ್ ನಿಲ್ದಾಣದಲ್ಲಿ ಹುಮನಾಬಾದ್ ಬಸ್ಸು ಹತ್ತಿ ಕಮಲಾಪುರಕ್ಕೆ ಹೊರಟೆ. ಒಂದು ಗಂಟೆಯೂ ಹಿಡಿಯದ ಈ ದಾರಿಯನ್ನು ಪ್ರವಾಸ ಎಂದು ಕರೆದರೆ ಯಾರಾದರೂ ನಕ್ಕಾರು. ತಿಂಗಳ ಹಿಂದೆ ಹಾಗೆ ನಕ್ಕವನು ನಾನೇ. ನಕ್ಕ ತಪ್ಪಿಗೇ ಹೋಗಬೇಕಾಗಿ ಬಂತು.

ನಾನು ಐದನೆಯ ತರಗತಿಗೆ ಕನ್ನಡ ಕಲಿಸುವ ಮೇಷ್ಟ್ರು. ನಾವು ಕೆಲವು ಶಾಲೆಗಳವರು ಸೇರಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಮಕ್ಕಳು ಬರೆದ ಪ್ರಬಂಧಗಳನ್ನು ಅವರ ಮೇಷ್ಟ್ರು ತಿದ್ದುವುದಿಲ್ಲ, ಬೇರೆ ಊರಿನವರಿಗೆ ಕಳಿಸುತ್ತಾರೆ. ನಮ್ಮ ಹುಡುಗರು ಎಂಬ ಮಮಕಾರ ಅಂಕಕ್ಕೆ ಅಂಟಬಾರದು ಎಂದು ಈ ಏರ್ಪಾಡು. ಸೂಚಿಸಿದವನು ನಾನು, ಆ ಹೆಮ್ಮೆ ನನಗೆ ಬಹಳ ದಿನ ಇತ್ತು.

ಈ ಸಲ ಕಮಲಾಪುರದ ಶಾಲೆಯೊಂದರ ಕಟ್ಟು ನನ್ನ ಪಾಲಿಗೆ ಬಂದಿತ್ತು. ವಿಷಯ 'ನಾನು ಮಾಡಿದ ಪ್ರವಾಸ', ಹತ್ತು ಸಾಲು, ಹತ್ತು ಅಂಕ. ಇಪ್ಪತ್ತೆರಡು ಮಕ್ಕಳಲ್ಲಿ ಇಪ್ಪತ್ತೊಂದು ಜನ ಮೈಸೂರಿಗೆ ಹೋಗಿ ಅರಮನೆ ನೋಡಿ ಆನಂದಪಟ್ಟಿದ್ದರು. ಅಕ್ಷರ ದುಂಡಗಿದ್ದವು, ತಪ್ಪು ಕಡಿಮೆ ಇದ್ದವು. ಎಂಟು, ಒಂಬತ್ತು ಎಂದು ಧಾರಾಳವಾಗಿ ಕೊಟ್ಟೆ. ರುಬಿನಾ ಎಂಬ ಹುಡುಗಿ ಮಾತ್ರ ತನ್ನ ದಾದಿಯ, ಅಂದರೆ ಅಜ್ಜಿಯ, ಜೊತೆ ಬಾಳೆಹಣ್ಣಿನ ಪುಟ್ಟಿ ಇಟ್ಟುಕೊಂಡು ಕಮಲಾಪುರದಿಂದ ಕಲಬುರಗಿಗೆ ಹೊರಟಿದ್ದಳು. ಅದೂ ಊರು ಮುಟ್ಟದೆ ಶಹರದ ಅಂಚಿನ ಕಪನೂರಿನಲ್ಲೇ ನಿಂತಿತ್ತು. 'ಕಪನೂರ ಬಂದಾಗ ದಾದಿ ಚಪ್ಪಲಿ ಹಾಕಿಕೊಂಡಳು' ಎಂದು ಮುಗಿದಿತ್ತು. ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು 'ಅನಗತ್ಯ' ಎಂದು ಬರೆದೆ. ಕೊನೆಗೆ 'ಇದು ಪ್ರವಾಸವಲ್ಲ, ಪೂರ್ಣವೂ ಆಗಿಲ್ಲ' ಎಂದು ಸೇರಿಸಿ ಮೂರು ಅಂಕ ಕೊಟ್ಟೆ.

ಹೋದ ವಾರ ಆ ತರಗತಿಯ ಶರಣಮ್ಮ ಟೀಚರ್ ಫೋನ್ ಮಾಡಿದರು.

"ಸರ, ರುಬಿನಾ ಸುಧಾರಿಸ್ಯಾಳ್ರಿ. ಮತ್ತ ಅದೇ ವಿಷಯ ಕೊಟ್ಟಿದ್ದೆ. ಈಗ ಆಕೀನೂ ಮೈಸೂರಿಗೆ ಹೋಗಿ ಬಂದಾಳ. ಒಂಬತ್ತು ಕೊಡ್ರಿ."

ನಾನು ನಕ್ಕೆ. ಅವರು ನಗಲಿಲ್ಲ.

"ಎರಡು ವರ್ಷ ಆತ್ರಿ, ಆ ಹುಡುಗಿ ಕೈಯಾಗ ಆಕೀ ಸ್ವಂತ ಮಾತು ಬರಸಾಕ ಹೆಣಗಾಡಾಕತ್ತೀನಿ. ನಿಮ್ಮ ಒಂದ ಗೆರಿಗೆ ಹೋತು. ನಾ ಹೇಳಿದ್ರ ಕೇಳವಲ್ಲಳು. 'ಕಲಬುರಗಿ ಸರ ಹೇಳ್ಯಾರ, ಅದು ಪ್ರವಾಸ ಅಲ್ಲಂತ' ಅಂತಾಳ. ನೀವೇ ಬಂದು ಹೇಳ್ರಿ."

ಎರಡು ದಿನ ಊಟ ರುಚಿಸಲಿಲ್ಲ. ಸಿಟ್ಟೂ ಬಂದಿತ್ತು, ಸುಳ್ಳೇಕೆ ಹೇಳಲಿ. ಆದರೆ ಶುಕ್ರವಾರ ನಮ್ಮ ಶಾಲೆಯಲ್ಲಿ ಯಾವುದೋ ಪರೀಕ್ಷೆ ಇಟ್ಟುಕೊಂಡು ನಮಗೆ ರಜೆ ಕೊಟ್ಟರು. ಇನ್ನು ನೆಪ ಉಳಿಯಲಿಲ್ಲ.

ಚಳಿ ಇನ್ನೂ ಬಿಟ್ಟಿರಲಿಲ್ಲ. ನಿಲ್ದಾಣದ ಹೊರಗೆ ಬಿಸಿ ಮಂಡಕ್ಕಿ ಸುಸಲಾ, ಎರಡು ಮಿರ್ಚಿ ಭಜಿ ತಿಂದು, ಚಹಾ ಕುಡಿದು ಹತ್ತಿದ್ದೆ. ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲದ್ದರಿಂದ ಬಸ್ಸಿನ ತುಂಬ ಅವರೇ. ದುಡ್ಡು ಕೊಟ್ಟು ಟಿಕೆಟ್ ತೆಗೆದವರು ನಾವು ಏಳೆಂಟು ಗಂಡಸರು, ಅದರಲ್ಲಿ ಅರ್ಧ ಜನ ನಿಂತಿದ್ದೆವು. ಸ್ವಲ್ಪ ಹೊತ್ತಿಗೆ ಒಬ್ಬ ಹಿರಿಯ ಹೆಂಗಸು ಮೂಟೆ ಸರಿಸಿ, "ಕುಂದರ್ರಿ ಅಣ್ಣಾ, ಎಷ್ಟೊತ್ತು ನಿಲ್ತೀರಿ" ಎಂದು ಸೀಟಿನ ತುದಿಯಲ್ಲಿ ಜಾಗ ಕೊಟ್ಟರು.

ಕಪನೂರಿನಲ್ಲಿ ವರ್ಕ್‌ಶಾಪುಗಳ ಶಟರು ಆಗ ತಾನೇ ಏಳುತ್ತಿದ್ದವು. ಒಂದು ಕಡೆ ವೆಲ್ಡಿಂಗಿನ ಕಿಡಿ ಹಾರುತ್ತಿತ್ತು. ಅದು ಹಿಂದೆ ಸರಿದದ್ದೇ ತಡ, ಪಕ್ಕದ ಹೆಂಗಸು ಚಪ್ಪಲಿ ಕಳಚಿ ಸೀಟಿನ ಕೆಳಗೆ ತಳ್ಳಿ, ಎರಡೂ ಕಾಲು ಮೇಲೆ ಮಡಚಿಕೊಂಡು ಮನೆಯ ಕಟ್ಟೆಯ ಮೇಲೆ ಕೂತಂತೆ ಕೂತರು. ಎದುರಿನ ಸೀಟಿನಲ್ಲಿದ್ದ ಇಬ್ಬರೂ ಅದನ್ನೇ ಮಾಡಿದರು. ನಾನು ಕೆಂಪು ಗೆರೆ ಎಳೆದ ಸಾಲು ನೆನಪಾಯಿತು.

"ಯಾಕ್ರೀ ಅವ್ವಾ, ಇಲ್ಲೇ ಯಾಕ ಕಳದ್ರಿ?" ಎಂದು ಕೇಳಿದೆ.

"ಶಹರ ಮುಗೀತಲ್ರೀ. ಇನ್ನ ಯಾರ ನೋಡ್ತಾರ?"

"ಹೊಳ್ಳಿ ಬರುವಾಗ?"

"ಇಲ್ಲೇ ಹಾಕ್ಕೋತೀವಿ. ಬರಿಗಾಲೀಲೆ ಶಹರದಾಗ ಇಳದ್ರ ಮಂದಿ ಏನಂತಾರ?"

ಇಷ್ಟು ವರ್ಷ ಈ ದಾರಿಯಲ್ಲಿ ಓಡಾಡಿದ್ದೇನೆ. ನಾನು ನೋಡಿರಲಿಲ್ಲ. ಹತ್ತು ವರ್ಷದ ಹುಡುಗಿ ನೋಡಿ, ಒಂದೇ ಸಾಲಿನಲ್ಲಿ ಬರೆದಿದ್ದಳು. ನಾನು ಅದನ್ನು ಅನಗತ್ಯ ಎಂದಿದ್ದೆ. ನಾಚಿಕೆಯಿಂದ ಕಿಟಕಿಯ ಕಡೆ ಮುಖ ತಿರುಗಿಸಿದೆ. ಹೊರಗೆ ಮೈಲುಗಟ್ಟಲೆ ತೊಗರಿ ಹೊಲ, ಕೆಲವು ಕಡೆ ಕೊಯ್ಲು ನಡೆದಿತ್ತು.

ಕಮಲಾಪುರದಲ್ಲಿ ಇಳಿದಾಗ ಬಿಸಿಲು ಹಿತವಾಗಿತ್ತು. ರಸ್ತೆಯ ಮಗ್ಗುಲಲ್ಲಿ ಇಲ್ಲಿಯ ಹೆಸರುವಾಸಿ ಕೆಂಪು ಬಾಳೆ ತೂಗುಬಿಟ್ಟಿದ್ದರು. ಒಂದು ಹಣ್ಣು ಕೊಂಡು ಅಲ್ಲೇ ನಿಂತು ತಿಂದೆ. ದಪ್ಪ ಸಿಪ್ಪೆ, ಒಳಗೆ ಹಳದಿ ತಿರುಳು. ಒಂದಕ್ಕೇ ಹೊಟ್ಟೆ ತುಂಬಿತು. ಶಾಲೆ ಅಲ್ಲಿಂದ ಹತ್ತು ನಿಮಿಷದ ನಡಿಗೆ.

ಶರಣಮ್ಮ ಟೀಚರಿಗೆ ಮೂವತ್ತೈದರ ಸುಮಾರು ವಯಸ್ಸು. ಗೇಟಿಗೇ ಬಂದು, "ಬಂದೇ ಬಿಟ್ರಲ್ರೀ ಸರ!" ಎಂದರು. ಅವರು ಅದನ್ನು ನಿರೀಕ್ಷಿಸಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು.

ತರಗತಿಯಲ್ಲಿ ಮಕ್ಕಳು ಎದ್ದು ನಿಂತು ನಮಸ್ತೆ ಹೇಳಿ ಕೂತರು. "ಮೈಸೂರಿಗೆ ಯಾರ್ಯಾರು ಹೋಗೀರಿ?" ಎಂದೆ. ಒಂದು ಕೈಯೂ ಏಳಲಿಲ್ಲ.

"ಮತ್ತ ಅರಮನಿ ನೋಡೀವಿ ಅಂತ ಬರದೀರಿ? ಇಲ್ಲಿಂದ ಎಷ್ಟೊತ್ತಿನ ದಾರಿ?"

ಮುಂದಿನ ಸಾಲಿನ ಹುಡುಗಿಯೊಬ್ಬಳು ಬಹಳ ಗಂಭೀರವಾಗಿ, "ಗೈಡಿನಾಗ ಅದು ಇಲ್ರೀ ಸರ" ಎಂದಳು. ಶರಣಮ್ಮ ಟೀಚರ್ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಇಪ್ಪತ್ತೊಂದು ಜನರ ಗೈಡಿಗೆ ನಾನು ಎಂಟು, ಒಂಬತ್ತು ಅಂಕ ಕೊಟ್ಟಿದ್ದೆ.

ರುಬಿನಾ ಕಿಟಕಿಯ ಪಕ್ಕ ಕೂತಿದ್ದಳು. ಎರಡು ಜಡೆ, ಹಣೆಯ ಮೇಲೆ ಒಂದು ಹಳೆಯ ಗಾಯದ ಗುರುತು. ಎಲ್ಲರ ಎದುರಿಗೇ ಅವಳಿಗೆ ಹೇಳಿದೆ: "ರುಬಿನಾ, ನೀ ಬರದದ್ದು ಪ್ರವಾಸನೇ. ನಾ ತಿದ್ದಿದ್ದೇ ತಪ್ಪು. ಆ ಹಾಳಿ ತಗದು ಎಲ್ಲಾರಿಗೂ ಓದು."

"ಇಲ್ರೀ ಸರ. ದಾದಿಗೆ ಕೊಟ್ಟೀನಿ. ಪುಟ್ಟಿ ತಳಕ್ಕ ಹಾಸ್ಯಾಳ." ಅವಳು ನನ್ನ ಕಡೆ ನೋಡಲೂ ಇಲ್ಲ. "ಈಗ ನಂಗ ಮೈಸೂರ ಬಾಯಿಪಾಠ ಬರ್ತದ್ರಿ."

ಆ ಮಾತು ನೇರವಾಗಿ ನಾಟಿತು. ಕ್ಷಮೆ ಕೇಳಿದ ಮಾತ್ರಕ್ಕೆ ಕೆಲಸ ಮುಗಿಯುತ್ತದೆ ಎಂದುಕೊಂಡು ಬಂದಿದ್ದೆ. ಹಾಳೆ ಹೋದರೆ ಹೋಗಲಿ, ನನಗೆ ನೆನಪಿದೆಯಲ್ಲ ಎಂದು ನಾನೇ ಹೇಳತೊಡಗಿದೆ.

"ರುಬಿನಾ ಆಕೀ ದಾದಿ ಕೂಡ ಬಸ್ಸು ಹತ್ತಿದ್ಳು. ದಾದಿ ಪುಟ್ಟಿ ಸೀಟಿನ ಕೆಳಗ ಇಟ್ಟಳು..."

"ತೊಡೀ ಮ್ಯಾಲ್ರೀ," ಎಂದಿತು ಕಿಟಕಿಯ ಪಕ್ಕದಿಂದ ಒಂದು ಸಣ್ಣ ದನಿ.

"ಹಾಂ, ತೊಡೀ ಮ್ಯಾಲ. ಆಮ್ಯಾಲ ಕಂಡಕ್ಟರ್ ಬಂದು ಹಣ್ಣು ಬೇಡಿದ."

"ಅಲ್ರೀ ಸರ!" ರುಬಿನಾ ಎದ್ದೇ ನಿಂತಳು. "ಆಂವ ಬೇಡಿಲ್ರೀ. ಪುಟ್ಟಿಗೆ ಲಗೇಜ್ ಟಿಕೆಟ್ ತಗೋ ಅಂದ. ಅದಕ್ಕ ದಾದಿ ಪುಟ್ಟಿ ತೊಡೀ ಮ್ಯಾಲ ಇಟ್ಕೊಂಡು, ಮ್ಯಾಲ ಸೆರಗು ಹೊಚ್ಚಿ, ಕೂಸಿನಂಗ ತಟ್ಟಿದ್ಳು. ಆಂವ ನಕ್ಕೋತ ಹ್ವಾದ."

ತರಗತಿ ಹೋ ಎಂದು ನಕ್ಕಿತು. ಅವಳನ್ನು ಮಾತಾಡಿಸಲು ಬೇಕೆಂದೇ ತಪ್ಪು ಹೇಳಿದೆ ಎಂದು ಬರೆದು ಜಾಣನಾಗಬಹುದಿತ್ತು. ನಿಜ ಹೇಳಬೇಕೆಂದರೆ ಆ ಹಾಳೆಯನ್ನು ನಾನು ಸರಿಯಾಗಿ ಓದಿಯೇ ಇರಲಿಲ್ಲ. ಮಕ್ಕಳು ಪ್ರಶ್ನೆ ಕೇಳತೊಡಗಿದರು. ಯಾವ ಕಡೆ ಕೂತಿದ್ದಿರಿ, ಹಣ್ಣು ಹಿಚುಕಲಿಲ್ಲವೇ, ದಾದಿ ಜೋಗುಳವನ್ನೂ ಹಾಡಿದಳೇ. ಅವಳು ಎಲ್ಲಕ್ಕೂ ಉತ್ತರ ಕೊಟ್ಟಳು. ಕೊನೆಗೆ ನಾನು ಕೇಳಿದೆ: "ಕಪನೂರಿನಾಗ ದಾದಿ ಚಪ್ಪಲಿ ಹಾಕ್ಕೊಂಡಳು. ಮುಂದ?"

ಅವಳು ಮೊದಲ ಸಲ ನನ್ನನ್ನು ನೇರವಾಗಿ ನೋಡಿದಳು.

"ಮುಂದ ಅದರಿ. ಬಹಳ ಅದ. ಆದ್ರ ಹತ್ತು ಸಾಲು ಮುಗದಿದ್ವಲ್ರೀ."

ಹತ್ತು ಸಾಲಿನ ನಿಯಮವೂ ನನ್ನದೇ. ಹತ್ತು ಸಾಲು ಎಂದು ನಾನೇ ಹೇಳಿ, ಪೂರ್ಣವಾಗಿಲ್ಲ ಎಂದು ನಾನೇ ಅಂಕ ಕತ್ತರಿಸಿದ್ದೆ. ಶರಣಮ್ಮ ಟೀಚರ್ ಅವಳ ಮುಂದೆ ನಾಲ್ಕು ಖಾಲಿ ಹಾಳೆ ಇಟ್ಟರು. ಉಳಿದವರಿಗೂ ಕೊಟ್ಟು, "ಗೈಡು ಚೀಲದಾಗ ಇಡ್ರಿ. ನೀವು ಖರೇ ಹೋದ ಊರಿಂದು ಬರೀರಿ. ಹುಮನಾಬಾದ್ ಆದ್ರೂ ನಡೀತದ, ಹೊಲ ಆದ್ರೂ ನಡೀತದ" ಎಂದರು. ಸಾಲಿನ ಲೆಕ್ಕ ಯಾರೂ ಹೇಳಲಿಲ್ಲ. ರುಬಿನಾ ಸ್ವಲ್ಪ ಹೊತ್ತು ಪೆನ್ನಿನ ತುದಿ ಕಡಿಯುತ್ತ ಕೂತು, ಆಮೇಲೆ ಬಗ್ಗಿದಳು.

ಮಧ್ಯಾಹ್ನ ಟೀಚರ ಡಬ್ಬಿಯಲ್ಲಿದ್ದ ಜೋಳದ ರೊಟ್ಟಿ, ಪುಂಡಿ ಪಲ್ಯ ಇಬ್ಬರೂ ಹಂಚಿಕೊಂಡು ತಿಂದೆವು. ಊಟ ರುಚಿಸಿತು. "ಅಂಕ ಹೆಂಗ ಕೊಡೋದ್ರಿ ಸರ ಇದಕ್ಕ?" ಎಂದು ಅವರು ಕೇಳಿದರು. "ಮೊದಲ ಓದೂನ್ರಿ" ಎಂದೆ. ಇಪ್ಪತ್ನಾಲ್ಕು ವರ್ಷದ ನೌಕರಿಯಲ್ಲಿ ಆ ಮಾತು ಅಂದದ್ದು ಅದೇ ಮೊದಲು.

ಊಟದ ನಂತರ ಉಳಿದವರು ಒಬ್ಬೊಬ್ಬರಾಗಿ ಹಾಳೆ ಕೊಟ್ಟರು. ಒಬ್ಬ ಅತ್ತೆಯ ಮನೆಗೆ, ಒಬ್ಬಳು ದವಾಖಾನೆಗೆ, ಇನ್ನೊಬ್ಬ ಬರೀ ಬಾವಿಯವರೆಗೆ ಹೋಗಿದ್ದ. ಮೈಸೂರಿಗೆ ಯಾರೂ ಹೋಗಿರಲಿಲ್ಲ. ನಾಲ್ಕು ಗಂಟೆ ಆಗುತ್ತ ಬಂತು. ನಾಲ್ಕೂಕಾಲಿನ ಬಸ್ಸು ಹಿಡಿಯಬೇಕೆಂದು ಚೀಲ ಹೆಗಲಿಗೆ ಹಾಕಿಕೊಂಡು ರುಬಿನಾಳ ಹತ್ತಿರ ಹೋದೆ. ಮೂರನೆಯ ಹಾಳೆಯಲ್ಲಿದ್ದಳು.

"ಕೊಡ್ತೀಯೇನವಾ? ನನ್ನ ಬಸ್ಸಿನ ಹೊತ್ತಾತು."

ಅವಳು ತಲೆ ಎತ್ತದೆ, ಎಡಗೈಯಿಂದ ಹಾಳೆ ಮುಚ್ಚಿಕೊಂಡು ಹೇಳಿದಳು: "ಇನ್ನಾ ಕಲಬುರಗಿ ಜಗತ್ ಸರ್ಕಲ್ಲೇ ಬಂದಿಲ್ರೀ ಸರ. ತಡೀರಿ."

ಚೀಲ ಕೆಳಗಿಟ್ಟು, ಅವಳ ಹಿಂದಿನ ಸಣ್ಣ ಬೆಂಚಿನಲ್ಲಿ ಮೊಣಕಾಲು ಎದೆಗೆ ಮುಟ್ಟುವಂತೆ ಕೂತೆ. ಹೊರಗೆ ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆದು ಹೋಯಿತು. ನನಗೆ ಅವಸರವಿರಲಿಲ್ಲ.