ಕ್ಯಾಪ್ಟನ್ ಮೇಡಂ ಕೈ ನಡುಕ

ಡ್ರಿಪ್ ಕೊಡೋ ಕ್ಯಾನುಲಾ ಹಾಕೋಕೆ ಸೂಜಿ ಎತ್ತಿದೆ. ಕೈ ನಡುಗಿತು.

ಕಾಫಿ ಜಾಸ್ತಿಯಾಯಿತೇನೋ ಅಂದುಕೊಂಡೆ. ಮತ್ತೆ ಎತ್ತಿದೆ. ಮತ್ತೆ ನಡುಗಿತು. ಎದುರಿಗೆ ಮಲಗಿದ್ದ ಹುಡುಗಿಯ ನರ ಹಗ್ಗದ ಹಾಗೆ ಎದ್ದು ಕಾಣುತ್ತಿತ್ತು, ಕಣ್ಣು ಮುಚ್ಚಿಕೊಂಡು ಹಾಕಬಹುದಾದ ನರ. ನನ್ನಿಂದ ಆಗಲಿಲ್ಲ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವಳ ಹಾಗೆ ಟ್ರೇ ಹಿಡಿದುಕೊಂಡು ಆಚೆ ಬಂದೆ.

ನಾನು ಭಾರತೀಯ ಸೇನೆಯ ನರ್ಸಿಂಗ್ ವಿಭಾಗದಲ್ಲಿ ಕ್ಯಾಪ್ಟನ್ ಆಗಿದ್ದವಳು. ಗಡಿಯ ಆಸ್ಪತ್ರೆಯಲ್ಲಿ, ಕರೆಂಟ್ ಹೋದಾಗ, ಟಾರ್ಚ್ ಬೆಳಕಿನಲ್ಲಿ ಜವಾನರಿಗೆ ಡ್ರಿಪ್ ಹಾಕಿದ ಕೈ ಇದು. ಐರ್ಲೆಂಡಿನ ಲಿಮೆರಿಕ್‌ನ ಬೆಚ್ಚಗಿನ ವಾರ್ಡ್‌ನಲ್ಲಿ ಅದಕ್ಕೆ ಈ ಗತಿ ಬಂತು.

ಕಾರಣ ಗೊತ್ತಿತ್ತು. ಒಪ್ಪಿಕೊಳ್ಳೋಕೆ ನಾಚಿಕೆ. ಹಿಂದಿನ ವಾರ ಒಬ್ಬ ಮುದುಕನ ಮಣಿಕಟ್ಟು ಹಿಡಿದು ನಾಡಿ ನೋಡುತ್ತಿದ್ದೆ. ಸರಕ್ಕನೆ ಕೈ ಕಿತ್ತುಕೊಂಡ. ನಾನು ಮುಟ್ಟಿದ ಜಾಗವನ್ನು ಟಿಶ್ಯೂ ತಗೊಂಡು ಒರೆಸಿಕೊಂಡ.

"ಇವಳು ಬೇಡ. ನಮ್ಮವರನ್ನ ಕಳಿಸಿ."

ವಾರ್ಡ್ ಮ್ಯಾನೇಜರ್ ಓಡಿ ಬಂದಳು. ಬಂದವಳು ನನ್ನನ್ನೇ ಪಕ್ಕಕ್ಕೆ ಕರೆದಳು! "ವಯಸ್ಸಾಗಿದೆ ಪಾಪ, ಮನಸ್ಸಿಗೆ ಹಚ್ಚಿಕೊಳ್ಳಬೇಡ, ಯು ಆರ್ ಗ್ರ್ಯಾಂಡ್" ಅಂತ ಭುಜ ತಟ್ಟಿ ಬೇರೆ ನರ್ಸ್‌ನ ಕಳಿಸಿದಳು. ಗ್ರ್ಯಾಂಡ್ ಅಂದರೆ ಇಲ್ಲಿಯವರ ಬಾಯಲ್ಲಿ ಎಲ್ಲಾ ಸರಿಯಾಗಿದೆ ಅಂತ. ಗ್ರ್ಯಾಂಡ್ ಅಂತೆ ಗ್ರ್ಯಾಂಡ್. ಈ ದೇಶದಲ್ಲಿ ಕಾಲು ಮುರಿದರೂ ಗ್ರ್ಯಾಂಡ್, ಮಾನ ಹೋದರೂ ಗ್ರ್ಯಾಂಡ್. ಮುದುಕನಿಗೆ ನಾಲಿಗೆ ಮೇಲೆ ಹಿಡಿತ ಇರಲಿಲ್ಲ, ಇವಳಿಗೆ ನಾಲಿಗೆಯೇ ಇರಲಿಲ್ಲ. ನನಗೆ ಇವಳ ಮೇಲೇ ಹೆಚ್ಚು ಉರಿಯಿತು.

ಥೈರಾಯ್ಡ್ ನೋಡಿದರು. ತಲೆಯ ಎಂಆರ್‌ಐ ಮಾಡಿದರು. ಎಲ್ಲಾ ನಾರ್ಮಲ್. ನ್ಯೂರಾಲಜಿ ವಿಭಾಗದ ಡಾಕ್ಟರ್ ದಾವಣಗೆರೆಯಲ್ಲಿ ಎಂಬಿಬಿಎಸ್ ಓದಿದವನು. ಬಾಗಿಲು ಹಾಕಿ ಕನ್ನಡದಲ್ಲಿ ಹೇಳಿದ.

"ಸ್ಟ್ರೆಸ್ ಮೇಡಂ. ಸೇನೆಯಲ್ಲಿದ್ದವರಿಗೆ ಅಂತಲೇ ಇಲ್ಲೊಂದು ಸಪೋರ್ಟ್ ಗ್ರೂಪ್ ಇದೆ. ಬಣ್ಣದ ಕಾರಣಕ್ಕೆ ಮಾತು ಅನ್ನಿಸಿಕೊಂಡವರು, ಏಟು ತಿಂದವರು ಬರ್ತಾರೆ. ಹೋಗಿ ಬನ್ನಿ."

"ಮಾತ್ರೆ ಇಲ್ವೇನಪ್ಪಾ?"

"ಕೊಡ್ತೀನಿ. ಆದ್ರೂ ಹೋಗಿ ಬನ್ನಿ."

ಅಷ್ಟರಲ್ಲಿ ಮ್ಯಾನೇಜರ್ ನನ್ನನ್ನು ಸೂಜಿ ಕೆಲಸದಿಂದ ತೆಗೆದಿದ್ದಳು. ಬಿಪಿ ನೋಡು, ದಿಂಬು ಸರಿ ಮಾಡು, ಅಷ್ಟೇ. ಕೈ ಸರಿಹೋಗದಿದ್ದರೆ ಈ ವಾರ್ಡ್‌ನಲ್ಲಿ ನನಗೆ ಜಾಗವಿಲ್ಲ ಅನ್ನೋದು ಹೇಳದೆಯೇ ಗೊತ್ತಾಗುತ್ತಿತ್ತು. ಮನೆಯಲ್ಲಿ ಯಜಮಾನರು, "ಹೋಗೇ, ಅಲ್ಲಿ ನಿನ್ನನ್ನ ತಿಂದ್ಹಾಕ್ತಾರಾ?" ಅಂದರು. ಹೋದೆ.

ಚರ್ಚ್ ಪಕ್ಕದ ಹಾಲ್. ದುಂಡಗೆ ಇಟ್ಟ ಕುರ್ಚಿಗಳು. ತಟ್ಟೆಯಲ್ಲಿ ಮೆತ್ತಗಾದ ಬಿಸ್ಕತ್ತು. ನಡೆಸುವವಳು ಏಮರ್ ಅಂತ ಸೈಕಾಲಜಿಸ್ಟ್, ನನ್ನ ತಂಗಿಗಿಂತ ಚಿಕ್ಕವಳು. ನಿಮ್ಮ ನೋವಿಗೆ ಹತ್ತಕ್ಕೆ ಎಷ್ಟು ಕೊಡ್ತೀರಿ ಅಂತ ಕೇಳಿದಳು. ಅಯ್ಯೋ ದೇವರೇ, ನೋವಿಗೂ ಮಾರ್ಕ್ಸ್! ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳಿ ಅಂದಳು. ಇಷ್ಟು ವರ್ಷ ನಾನೇನು ಉಸಿರಾಡದೇ ಬದುಕಿದ್ದೆನಾ? ಇಲ್ಲೇ ಹುಟ್ಟಿ, ಇಲ್ಲಿನ ಸೇನೆಯಲ್ಲೇ ದುಡಿದ ಕಪ್ಪು ಮನುಷ್ಯನೊಬ್ಬ, ಬಸ್ಸಿನಲ್ಲಿ ದಿನಾ ಯಾವ ದೇಶ ಅಂತ ಕೇಳ್ತಾರೆ ಅಂತ ಅತ್ತ. ನಾನು ಬಿಸ್ಕತ್ತು ನೋಡುತ್ತಾ ಕೂತೆ.

ನನ್ನ ಸರದಿ ಬಂದಾಗ ಹೆಸರು, ಸೇನೆ, ರ‍್ಯಾಂಕ್ ಹೇಳಿದೆ. ಎದುರು ಕುರ್ಚಿಯವರು ಸಟ್ಟನೆ ಎದ್ದು ಅಟೆನ್ಷನ್‌ನಲ್ಲಿ ನಿಂತರು.

"ಜೈ ಹಿಂದ್ ಮೇಡಂ!"

ಬೆಳಗಾವಿ ಕಡೆಯ ಮಲ್ಲಪ್ಪ. ಹವಾಲ್ದಾರ್ ಆಗಿ ರಿಟೈರ್ ಆದವರು. ಹೆಂಡತಿ ಇಲ್ಲಿ ನರ್ಸ್, ಇವರು ಒಂದು ಅಂಗಡಿಯಲ್ಲಿ ಸೆಕ್ಯೂರಿಟಿ. ಹುಬ್ಬಿನ ಮೇಲೆ ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು. ಏನಾಯಿತು, ಹೇಗಿದ್ದೀರಿ ಅಂತ ಏಮರ್ ಅವರನ್ನು ಪ್ರತಿ ವಾರವೂ ಕೇಳುತ್ತಿದ್ದಳು. ಅವರು ಒಂದು ಸಲ ನನ್ನ ಮುಖ ನೋಡಿ, "ಆಲ್ ಓಕೆ" ಅನ್ನುತ್ತಿದ್ದರು. ನಾನೂ ಆಲ್ ಓಕೆ. ಭೇಷ್, ನಮ್ಮವರು ಗಟ್ಟಿ ಅಂತ ನನಗೆ ಒಳಗೊಳಗೇ ಜಂಬ.

ಒಂದು ದಿನ ಏಮರ್ ನನ್ನನ್ನು ನಿಲ್ಲಿಸಿದಳು.

"ನೀವು ಬರೋಕೆ ಮುಂಚೆ ಮಲ್ಲಪ್ಪ ಮಾತಾಡ್ತಿದ್ರು."

ಇವಳ್ಯಾರು ನನಗೆ ಹೇಳೋಕೆ ಅಂತ ಸಿಡುಕುತ್ತಾ ಹೊರಗೆ ಬಂದೆ. ಮಲ್ಲಪ್ಪ ಬಸ್ ಸ್ಟಾಪಿನಲ್ಲಿದ್ದರು. ಯಾಕೆ ಏನೂ ಹೇಳಲ್ಲ ನೀವು ಅಂತ ನೇರವಾಗಿ ಕೇಳಿದೆ. ನೆಲ ನೋಡಿದರು.

"ಆಫೀಸರ್ ಮುಂದ ಹೆಂಗ ಅಳೂದ್ರಿ ಮೇಡಮ್ಮಾರ?"

ಮನೆಗೆ ಬಂದರೂ ಆ ಮಾತು ಬಿಡಲಿಲ್ಲ. ಸೇನೆಯಲ್ಲಿ ನಮಗೆ ಕಲಿಸಿದ್ದೇ ಅದು, ಜವಾನರ ಮುಂದೆ ಮುಖ ಸಣ್ಣ ಮಾಡಬೇಡ. ಇಷ್ಟು ಕಾಲ ಅದನ್ನ ಧೈರ್ಯ ಅಂತ ತಿಳಿದಿದ್ದೆ. ಇಲ್ಲಿ ಅದೇ ಒಬ್ಬ ಒಳ್ಳೆಯ ಮನುಷ್ಯನ ಬಾಯಿ ಕಟ್ಟಿಹಾಕಿತ್ತು, ಅವರಿಗೆ ನಿದ್ದೆ ಇರಲಿಲ್ಲ, ಊಟ ಸೇರುತ್ತಿರಲಿಲ್ಲ ಅನ್ನೋದು ಮುಖ ನೋಡಿದರೇ ತಿಳಿಯುತ್ತಿತ್ತು, ಮತ್ತು ನಾನು ನರ್ಸ್ ಆಗಿದ್ದೂ ಅದನ್ನ ನೋಡಿರಲಿಲ್ಲ.

ಮುಂದಿನ ವಾರ ಏಮರ್ ಬಾಯಿ ತೆಗೆಯೋಕೆ ಮುಂಚೆ ನಾನೇ ಶುರು ಮಾಡಿದೆ. ಮುದುಕ, ಟಿಶ್ಯೂ, ಮ್ಯಾನೇಜರ್, ಎಲ್ಲಾ ಹೇಳಿದೆ. ಕೈ ಚಾಚಿ ತೋರಿಸಿದೆ. ಎಲೆಯ ಹಾಗೆ ಅದುರುತ್ತಿತ್ತು.

"ಜನರನ್ನ ಮುಟ್ಟೋಕೆ ನನಗೆ ಭಯ ಆಗುತ್ತೆ," ಅಂದೆ.

ಹೇಳಿದ ಮೇಲೇ ಅದು ನಿಜ ಅಂತ ನನಗೂ ಗೊತ್ತಾಯಿತು. ದುಃಖ ಒತ್ತರಿಸಿ ಬಂತು, ಅತ್ತೆ.

ಮಲ್ಲಪ್ಪ ಎದ್ದು ನಿಂತರು. "ಕೂತ್ಕೊಂಡೇ ಹೇಳಿ," ಅಂದೆ. ಕೂತರು. ಅಂಗಡಿ ಮುಂದೆ ಪಡ್ಡೆ ಹುಡುಗರು ಇವರನ್ನು ಕೆಡವಿ ಹೊಡೆದಿದ್ದರು, ನಿಂತಿದ್ದವರು ಫೋನ್ ಹಿಡಿದು ವಿಡಿಯೋ ಮಾಡಿದ್ದರು. ಮುಕ್ಕಾಲು ಇಂಗ್ಲಿಷಿನಲ್ಲಿ ಹೇಳಿದರು. ಕೊನೆಗೆ ನನ್ನ ಕಡೆ ತಿರುಗಿ ಕನ್ನಡಕ್ಕೆ ಬಂದರು.

"ಪೆಟ್ಟು ದೊಡ್ಡದಲ್ರಿ. ಕೆಲಸ ಹೋಕ್ಕೈತಿ ಅಂತ ನಾ ತಿರುಗಿ ಹೊಡೀಲಿಲ್ಲ. ಅದ ಸುಡತೈತ್ರಿ."

ಮುಖ ಮುಚ್ಚಿಕೊಂಡು ಅತ್ತರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವರ ಬೆನ್ನ ಮೇಲೆ ಕೈ ಇಟ್ಟೆ.

ಗ್ರೂಪ್‌ನಿಂದ ಎಲ್ಲಾ ಸರಿಹೋಯಿತು ಅಂತ ಬರೆದರೆ ಶುದ್ಧ ಸುಳ್ಳು. ಬಿಸ್ಕತ್ತು ಈಗಲೂ ಮೆತ್ತಗೇ ಇದೆ. ಮಾರ್ಕ್ಸ್ ನಾನು ಈಗಲೂ ಕೊಡಲ್ಲ. ಆದರೆ ತಪ್ಪದೆ ಹೋಗುತ್ತೇನೆ, ಮತ್ತು ಅಲ್ಲಿಂದ ಬಂದ ರಾತ್ರಿ ನಿದ್ದೆ ಬರುತ್ತೆ. ಮ್ಯಾನೇಜರ್‌ಗೆ ಹೇಳಿದೆ, ಇನ್ನೊಂದು ಸಲ ಯಾರಾದರೂ ಹಾಗಂದರೆ ನನ್ನನ್ನ ಪಕ್ಕಕ್ಕೆ ಕರೀಬೇಡ, ಅವರನ್ನ ಕೇಳು ಅಂತ. ಕೆಂಪಗಾದಳು. ಸರಿ ಅಂದಳು. ನಡುಕ ನಿಧಾನಕ್ಕೆ ಹತೋಟಿಗೆ ಬಂದ ಮೇಲೆ, ಅವಳ ಎದುರಿಗೇ ಅಭ್ಯಾಸದ ರಬ್ಬರ್ ತೋಳಿಗೆ ಸೂಜಿ ಹಾಕಿ ತೋರಿಸಿ ಕೆಲಸ ವಾಪಸ್ ತಗೊಂಡೆ.

ಮೊನ್ನೆ ಇನ್ನೊಬ್ಬ ಮುದುಕ ಬಂದ. ನನ್ನನ್ನ ಮೇಲಿಂದ ಕೆಳಗೆ ನೋಡಿ, ಬೇರೆ ಯಾರೂ ಇಲ್ವಾ ಅಂದ. ಮ್ಯಾನೇಜರ್ ಬಾಗಿಲಲ್ಲೇ ಇದ್ದಳು.

"ಇಲ್ಲ. ಇವರೇ ನಿಮ್ಮ ನರ್ಸ್," ಅಂದಳು.

ಗೋಡೆ ಕಡೆ ಮುಖ ತಿರುಗಿಸಿ ತೋಳು ಚಾಚಿದ. ಒಣಗಿದ, ಚುಕ್ಕೆ ಬಿದ್ದ ತೋಳು. ನನಗೆ ಅವನ ಮೇಲೆ ಒಂದಿಷ್ಟೂ ಗೌರವ ಇರಲಿಲ್ಲ. ಅವನ ಕೈ ನಡುಗುತ್ತಿತ್ತು.

ಗಟ್ಟಿಯಾಗಿ ಹಿಡಿದುಕೊಂಡು ಸೂಜಿ ಹಾಕಿದೆ.