ಪಿಕಳಾರದ ಗಿಡಕ್ಕೆ ಕೆಂಪು ಬಟ್ಟೆ

ಆ ಮೂರು ಮರಿಗಳನ್ನು ತಿಂದದ್ದು ಕಾಗೆ, ದಾರಿ ತೋರಿಸಿದ್ದು ನಾನು. ಉಳಿದ ಮಾತೆಲ್ಲ ಸುಮ್ಮನೆ.

ಮೊನ್ನೆ ಸಂಜೆ ಮೊಮ್ಮಗಳು ಶ್ರುತಿ ಫೋನನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, "ಅಜ್ಜಿ, ನಮ್ಮ ತೋಟದ ಪಿಕಳಾರ! ಹೋದ ವರ್ಷ ಬಂದಿದ್ರಲ್ಲ ಟೊಪ್ಪಿ ಸಾರ್, ಅವರ ಫೋಟೋಗೆ ಬಹುಮಾನ ಬಂತಂತೆ" ಎಂದಳು. ನೋಡಿದೆ. ಗೂಡಿನೊಳಗೆ ಬಾಯಿ ಬಿಟ್ಟ ಮೂರು ಮರಿ. ಚಿತ್ರವೇನೋ ಚೆನ್ನಾಗಿದೆ. ಗೂಡಿನ ಮೇಲೆ ಒಂದೇ ಒಂದು ಎಲೆಯಿಲ್ಲ. ಮರೆಯಿಲ್ಲದ ಜಾಗದಲ್ಲಿ ಗೂಡು ಕಟ್ಟುವ ದಡ್ಡ ಪಿಕಳಾರವನ್ನು ನಾನಂತೂ ಕಂಡಿಲ್ಲ.

ನಮ್ಮದು ಜಾವಳಿ ಕಡೆಯ ಸಣ್ಣ ತೋಟ. ಮನೆಯ ಎರಡು ಕೋಣೆಗಳನ್ನು ಶ್ರುತಿ ಹೋಂಸ್ಟೇ ಮಾಡಿದ್ದಾಳೆ. ಬಂದವರಿಗೆ ಹಕ್ಕಿ, ಹುಳ, ಹೂವು ತೋರಿಸಲು ಹೋದ ವರ್ಷ ನನ್ನನ್ನೇ ಹೊರಡಿಸಿದಳು. ಎರಡನೇ ಕ್ಲಾಸಿನಲ್ಲಿ ಸ್ಲೇಟು ಒಡೆದು ಮನೆಗೆ ಬಂದವಳು ನಾನು, ಮತ್ತೆ ಹೋಗಲಿಲ್ಲ. ಅಂಥವಳ ಹಿಂದೆ ಕ್ಯಾಮೆರಾ ಹೊತ್ತ ಆರು ಜನ! ಅವರಿಗೆಲ್ಲ ಯಜಮಾನ ಈ ಟೊಪ್ಪಿಯವರು. ಹಕ್ಕಿಗೆ ಗೊತ್ತಾಗಬಾರದೆಂದು ಕ್ಯಾಮೆರಾಕ್ಕೆ ಎಲೆ ಚಿತ್ರದ ಅಂಗಿ ತೊಡಿಸಿದ್ದರು. ಮೈಗೆ ಹಾಕಿದ ಸೆಂಟು ಮಾತ್ರ ಗದ್ದೆಯಾಚೆಗೂ ಹೊಡೆಯುತ್ತಿತ್ತು.

ಒಂದು ನೀಲಿ ಹೂವಿನ ಮುಂದೆ ಬೋರಲು ಮಲಗಿ, "ಅಜ್ಜಿ, ಇದರ ಹೆಸರೇನು?" ಎಂದರು.

"ಹೆಸರು ಯಾರಿಗ್ಗೊತ್ತು ಮಾರಾಯ್ರೆ. ದನ ತಿನ್ನಲ್ಲ."

ಫೋನಿಗೆ ತೋರಿಸಿದರು, ಅದು ಮಾರುದ್ದದ ಹೆಸರು ಹೇಳಿತು. ದನದ ವಿಷಯ ಅದಕ್ಕೂ ಗೊತ್ತಿರಲಿಲ್ಲ. ಮುಂದೆ ಪಟ್ಟೆಪಟ್ಟೆಯ ಹುಳವೊಂದನ್ನು ಕಂಡು "ಎಷ್ಟು ಚೆಂದ!" ಎಂದು ಆರೂ ಜನ ಮುತ್ತಿಕೊಂಡರು. ಅದು ಬೋರರ್, ಕಾಂಡ ಕೊರೆದು ಕಾಫಿ ಗಿಡವನ್ನೇ ಕೊಲ್ಲುವ ಹುಳ. ನಾನು ಚಪ್ಪಲಿ ತೆಗೆದು ಚಚ್ಚಿದೆ. ಅವರ ಮುಖಗಳ ಫೋಟೋ ಯಾರೂ ತೆಗೆಯಲಿಲ್ಲ.

"ಈ ಕೆಂಪು ಬಟ್ಟೆ ಯಾಕೆ ಕಟ್ಟಿದೀರಿ ಅಜ್ಜಿ? ದೇವರಿಗಾ?" ಎಂದರು ಟೊಪ್ಪಿಯವರು.

ನಮ್ಮಲ್ಲಿ ಕೊಯ್ಲು ಮುಗಿದು ಕಾಫಿ ಗಿಡದ ರೆಂಬೆ ಕತ್ತರಿಸುವ ಹೊತ್ತಿಗೇ ಪಿಕಳಾರ ಗೂಡು ಕಟ್ಟುತ್ತದೆ. ಗೂಡು ಕಂಡವರು ಆ ಗಿಡಕ್ಕೆ ಹಳೇ ಸೀರೆಯ ಚೂರು ಕಟ್ಟಬೇಕು. ಕತ್ತರಿ ಹಿಡಿದವರು ಅದನ್ನು ಬಿಟ್ಟು ಮುಂದಿನ ಗಿಡಕ್ಕೆ ಹೋಗಬೇಕು. ಅತ್ತೆ ಕಲಿಸಿದ್ದು. ಸೊಸೆಗೆ ತೋರಿಸದ ಕರುಣೆಯನ್ನೆಲ್ಲ ಅವರು ಪಿಕಳಾರಕ್ಕೆ ತೋರಿಸುತ್ತಿದ್ದರು.

ಇಷ್ಟು ಹೇಳಿ ಬಾಯಿ ಮುಚ್ಚಬಹುದಿತ್ತು. ಆದರೆ ಟೊಪ್ಪಿಯವರು ಕೈಮುಗಿದು, "ನೀವು ವಿಜ್ಞಾನಿಗಳಿಗೇ ಪಾಠ ಮಾಡಬೇಕು ಅಜ್ಜಿ" ಎಂದುಬಿಟ್ಟರು. ಸ್ಲೇಟು ಒಡೆದವಳಿಗೆ ಅಷ್ಟು ಸಾಕಾಯಿತು. ಬಟ್ಟೆ ಕಟ್ಟಿದ ಒಂದೊಂದು ಗಿಡವನ್ನೂ ತೋರಿಸಿದೆ. ಮಂಡಿನೋವು ಆವತ್ತು ಎಲ್ಲಿ ಹೋಗಿತ್ತೋ.

ಮಧ್ಯಾಹ್ನ ನಾನು ಮಲಗಿದ್ದಾಗ ಅವರೇ ಮತ್ತೆ ಹೋಗಿದ್ದಾರೆ. ಮಾರನೇ ದಿನ ಕಾರು ಹೊರಟ ಮೇಲೆ ತೋಟದಿಂದ ಆಳು ಗಿರಿಜ ಕೂಗಿದಳು.

"ಅಮ್ಮಾ, ಬನ್ನಿ ಇಲ್ಲಿ. ಗೂಡಿನ ಮೇಲಿನ ರೆಂಬೆನೆಲ್ಲ ದಾರ ಹಾಕಿ ಹಿಂದಕ್ಕೆ ಎಳ್ದು ಕಟ್ಟಿದಾರೆ. ಹೋಗುವಾಗ ಬಿಚ್ಚಲೂ ಇಲ್ಲ. ಮರಿ ಒಂದೂ ಇಲ್ಲ."

ಸಿಲ್ವರ್ ಮರದ ಮೇಲೆ ಕಾಗೆ ಕೂತಿತ್ತು. ತಾಯಿ ಹಕ್ಕಿ ಕೊಕ್ಕಿನಲ್ಲಿ ಹುಳ ಹಿಡಿದು ಖಾಲಿ ಗೂಡಿನ ಅಂಚಿಗೆ ಬರುವುದು, ಹೋಗುವುದು, ಮತ್ತೆ ಬರುವುದು.

"ನೀವೇ ತೋರ್ಸಿದ್ದಾ ಅಮ್ಮಾ?"

"ಹೋಗೇ, ಕೆಲಸ ನೋಡು" ಎಂದೆ.

ಮೊನ್ನೆ ಆ ಫೋಟೋ ತೋರಿಸಿದ ಶ್ರುತಿ ಫೋನು ಕೆಳಗಿಟ್ಟು, "ಟೊಪ್ಪಿ ಸಾರ್ ಶನಿವಾರ ಹತ್ತು ಜನರನ್ನ ಕರ್ಕೊಂಡು ಬರ್ತಾರಂತೆ ಅಜ್ಜಿ. ನಿಮಗೆ ತೊಂದರೆ ಬೇಡ, ಕೆಂಪು ಬಟ್ಟೆ ನೋಡ್ಕೊಂಡು ನಾವೇ ಹೋಗ್ತೀವಿ ಅಂದ್ರು" ಎಂದಳು.

"ಬರಲಿ" ಎಂದೆ.

ಮರುದಿನ ಬೆಳಿಗ್ಗೆ ಕಾಫಿ ಕುಡಿದು ತೋಟಕ್ಕೆ ಹೋದೆ. ಈ ವರ್ಷ ಗೂಡಿದ್ದ ಐದು ಗಿಡಗಳ ಬಟ್ಟೆ ಬಿಚ್ಚಿದೆ. ಗಿರಿಜಳಿಗೆ ಬೇರೊಂದು ಗುರುತು ಹೇಳಿಕೊಟ್ಟೆ; ಅದೇನೆಂದು ನಿಮಗೂ ಹೇಳುವುದಿಲ್ಲ. ನಾಲ್ಕು ಬಟ್ಟೆಗಳನ್ನು ಖಾಲಿ ಗಿಡಗಳಿಗೆ ಕಟ್ಟಿದೆ. ಎಲೆ ಹೊಲಿದು ಗೂಡು ಮಾಡುವ ಕೆಂಪಿರುವೆ ಚಗಳಿ ಸೇರಿದ್ದ ಗಿಡಕ್ಕೆ ಐದನೆಯದನ್ನು ಟೊಪ್ಪಿಯ ಎತ್ತರಕ್ಕೇ ಕಟ್ಟಿದೆ. ಕಟ್ಟುವಾಗ ನನ್ನ ಕೈಗೂ ನಾಲ್ಕು ಕಚ್ಚಿದವು. ಕಚ್ಚಲಿ ಎಂದು, ಗಂಟು ಬಿಗಿಯಾಗುವ ತನಕ ಕೈ ತೆಗೆಯಲಿಲ್ಲ.